ಬೋರ್ಡು ಒಂದೇ, ಗಲ್ಲಾ ಬೇರೆ ಬೇರೆ: ದೊಡ್ಡ ಲಾ ಫರ್ಮ್ ಬೆಳೆದ ಬಗೆ

ಪ್ರಶ್ನೆ: ನಾನು ಅರಸೀಕೆರೆಯಲ್ಲಿ 30 ವರ್ಷದಿಂದ ಸಿವಿಲ್ ವಕೀಲ. ನನ್ನ ಆಫೀಸು ಅಂದರೆ ನಾನು, ಒಬ್ಬ ಜೂನಿಯರ್, ಒಬ್ಬ ಗುಮಾಸ್ತ. ಮಗಳು ಬೆಂಗಳೂರಿನಲ್ಲಿ ಐದು ವರ್ಷದ ಲಾ ಓದುತ್ತಿದ್ದಾಳೆ, ಇದು ಕೊನೇ ವರ್ಷ. ಬೇಕರ್ ಮೆಕೆಂಜಿ ಅನ್ನುವ ಕಂಪನಿಯ ಲಂಡನ್ ಆಫೀಸಿಗೆ ಅರ್ಜಿ ಹಾಕ್ತೀನಿ ಅಂತಿದ್ದಾಳೆ. ನನ್ನ ತಮ್ಮ, "ಅದು ಬರೀ ಫ್ರಾಂಚೈಸಿ, ಹೆಸರು ಬಾಡಿಗೆಗೆ ಕೊಡ್ತಾರೆ ಅಷ್ಟೇ, ಇಂಡಿಯಾದಲ್ಲಿ ಒಂದು ಆಫೀಸೂ ಇಲ್ಲ, ನಂಬಬೇಡ" ಅಂತಾನೆ. ಇನ್ನೊಬ್ಬರು, ಅಮೆರಿಕದಲ್ಲಿ ಇಂಥದ್ದೇ ಒಂದು ಫರ್ಮ್ ರಾತ್ರೋರಾತ್ರಿ ಮುಳುಗಿತು ಅಂದರು. ಸಾವಿರಾರು ವಕೀಲರನ್ನು ಒಂದೇ ಹೆಸರಿನ ಕೆಳಗೆ ಹೇಗೆ ಕೂರಿಸುತ್ತಾರೆ? ಇಷ್ಟು ದುಡ್ಡು ಹಾಕಿದವರು ಯಾರು? ಮಗಳನ್ನು ಕಳಿಸಬಹುದಾ?

ಉತ್ತರ: ನಿಮ್ಮ ತಮ್ಮ ಅರ್ಧ ಸರಿ ಹೇಳಿದ್ದಾರೆ. ಆದರೆ ಆ ಅರ್ಧದಿಂದ ಅವರು ತಲುಪಿದ ತೀರ್ಮಾನ ತಪ್ಪು. ನಿಮ್ಮ ಪತ್ರದ ಒಳಗೆ ಇರುವ ಚಿಂತೆ ನನಗೆ ಅರ್ಥವಾಗುತ್ತದೆ. ಮೂರು ಜನರ ಆಫೀಸು ನಡೆಸಿದವರಿಗೆ ನಾಲ್ಕು ಸಾವಿರ ವಕೀಲರ ಆಫೀಸು ಅಂದರೆ ಎಲ್ಲೋ ಏನೋ ಮೋಸ ಇದೆ ಅನ್ನಿಸುವುದು ಸಹಜ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕರಾರು ಪತ್ರಗಳ ಕೆಲಸ ಮಾಡಿದ್ದೇನೆ. ಇಂಥ ಫರ್ಮ್‌ಗಳು ಎಷ್ಟೋ ಸಲ ಎದುರು ಪಕ್ಷದಲ್ಲಿ, ಕೆಲವು ಸಲ ನಮ್ಮ ಪಕ್ಷದಲ್ಲೇ ಇದ್ದವು.

ಒಂದು ಸಲದ್ದು ಹೇಳುತ್ತೇನೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ವಿದೇಶದಲ್ಲಿ ಒಂದು ಸಣ್ಣ ಕಂಪನಿ ಕೊಳ್ಳುತ್ತಿತ್ತು. ಅದಕ್ಕೆ ಮೂರು ದೇಶದಲ್ಲಿ ಶಾಖೆ. ನಾವು ಒಂದೇ ಹೆಸರಿನ ಅಂತಾರಾಷ್ಟ್ರೀಯ ಫರ್ಮನ್ನು ಗೊತ್ತು ಮಾಡಿದೆವು. ಕೆಲಸ ಚೆನ್ನಾಗೇ ಆಯಿತು. ಕೊನೆಗೆ ಬಿಲ್ ಬಂತು. ಒಂದಲ್ಲ, ಮೂರು! ಮೂರರ ಮೇಲೂ ಅದೇ ಲೋಗೋ, ಅದೇ ಬಣ್ಣ, ಆದರೆ ಕೆಳಗೆ ಮೂರು ಬೇರೆ ಬೇರೆ ಸಂಸ್ಥೆಯ ಹೆಸರು, ಮೂರು ಬ್ಯಾಂಕ್ ಖಾತೆ. ಕಂಪನಿಯ ಅಕೌಂಟ್ಸ್‌ನವರು ಫೋನ್ ಮಾಡಿ, "ಒಂದೇ ಫರ್ಮ್ ಅಂದ್ರಲ್ಲಾ ಸಾರ್, ನಾನು ಮೂರು ಸಲ 15ಸಿಎ, 15ಸಿಬಿ ಮಾಡಿಸಬೇಕಾ?" ಅಂದರು. ಹೊರದೇಶಕ್ಕೆ ದುಡ್ಡು ಕಳಿಸುವಾಗ ಕೊಡಬೇಕಾಗಿದ್ದ ಆದಾಯ ತೆರಿಗೆಯ ಫಾರಂಗಳು ಅವು. ಹೌದು, ಮೂರು ಸಲ. ಪತ್ರದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಈ ಸಂಸ್ಥೆ ಇಂಥ ಸ್ವಿಸ್ ಫೆರೈನ್‌ನ ಸದಸ್ಯ. ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ. ಆದರೆ ಅದು ಅಲ್ಲಿಗೆ ಹೇಗೆ ಬಂತು ಅಂತ ತಿಳಿಯಲು ಷಿಕಾಗೋಗೆ ಹೋಗಬೇಕು.

ರಸೆಲ್ ಬೇಕರ್ ಅನ್ನುವ ಹುಡುಗ ನ್ಯೂ ಮೆಕ್ಸಿಕೊದವನು. ದೊಡ್ಡ ಮನೆತನದವನೇನಲ್ಲ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಲಾ ಮುಗಿಸಿ 1925ರಲ್ಲಿ ಗೆಳೆಯ ಡೇನಾ ಸಿಂಪ್ಸನ್ ಜೊತೆ ಸಣ್ಣದೊಂದು ಆಫೀಸು ಶುರು ಮಾಡಿದ. ಆಗ ಅದು ನಿಮ್ಮ ಆಫೀಸಿಗಿಂತ ದೊಡ್ಡದೇನೂ ಇರಲಿಲ್ಲ. ಹಳೇ ಹೆಸರಿನ ಫರ್ಮ್‌ಗಳು ಷಿಕಾಗೋದಲ್ಲಿ ಬೇಕಾದಷ್ಟಿದ್ದವು, ದೊಡ್ಡ ಕಕ್ಷಿದಾರರು ಅವರ ಹತ್ತಿರವೇ ಹೋಗುತ್ತಿದ್ದರು. ಬೇಕರ್ ಹಿಡಿದ ದಾರಿ ಅಂದರೆ, ಅವರು ತಲೆ ಕೆಡಿಸಿಕೊಳ್ಳದ ಕೆಲಸ: ಅಮೆರಿಕದ ಕಂಪನಿಗಳ ವಿದೇಶಿ ವ್ಯವಹಾರ. 1934ರಲ್ಲಿ ಅಬಟ್ ಲ್ಯಾಬೊರೇಟರೀಸ್, ಅದೇ ಔಷಧಿ ಕಂಪನಿ, ತನ್ನ ಹೊರದೇಶದ ಕಾನೂನು ಕೆಲಸವನ್ನು ಅವನ ಕೈಗೆ ಕೊಟ್ಟಿತು. ಒಂದು ಗಟ್ಟಿ ಕಕ್ಷಿದಾರ ಸಿಕ್ಕಿದ ಮೇಲೆ ವಕೀಲನ ನಡಿಗೆಯೇ ಬೇರೆ ಅಲ್ವಾ, ನಿಮಗೆ ಗೊತ್ತಿರುತ್ತದೆ. 1949ರಲ್ಲಿ ಕೋರ್ಟಿನಲ್ಲಿ ವಾದ ಮಾಡುವುದರಲ್ಲಿ ಪಳಗಿದ ಜಾನ್ ಮೆಕೆಂಜಿ ಸೇರಿಕೊಂಡರು. ಬೋರ್ಡು ಬದಲಾಯಿತು.

ಕಾಲವೂ ಅವರ ಕಡೆಗಿತ್ತು. ಎರಡನೇ ಮಹಾಯುದ್ಧ ಮುಗಿದು ಯುರೋಪ್ ಮಣ್ಣಾಗಿತ್ತು, ಅಮೆರಿಕದ ಕಾರ್ಖಾನೆಗಳು ಮಾತ್ರ ಭರ್ಜರಿಯಾಗಿ ಓಡುತ್ತಿದ್ದವು. ಆ ಕಂಪನಿಗಳು ಲ್ಯಾಟಿನ್ ಅಮೆರಿಕಕ್ಕೆ, ಆಮೇಲೆ ಯುರೋಪಿಗೆ ಹೊರಟವು. 1957ರಲ್ಲಿ ರೋಮ್ ಒಪ್ಪಂದವಾಗಿ ಯುರೋಪಿನ ಆರು ದೇಶಗಳು ಒಂದು ಮಾರುಕಟ್ಟೆ ಆಗಲು ಹೊರಟ ಮೇಲಂತೂ ನೂಕುನುಗ್ಗಲು. ಅಲ್ಲಿ ಕಂಪನಿ ರಿಜಿಸ್ಟರ್ ಮಾಡಿಸಬೇಕು, ತೆರಿಗೆ ನೋಡಬೇಕು, ಟ್ರೇಡ್‌ಮಾರ್ಕ್ ಕಾಪಾಡಬೇಕು, ಕೆಲಸದವರ ಕರಾರು ಬರೆಯಬೇಕು. ಬೇಕರ್ ಫರ್ಮ್ 1955ರಲ್ಲಿ ಮೊದಲ ಹೊರದೇಶದ ಆಫೀಸು ತೆರೆದದ್ದು ಲಂಡನ್ನಿನಲ್ಲೂ ಅಲ್ಲ, ಪ್ಯಾರಿಸ್‌ನಲ್ಲೂ ಅಲ್ಲ, ವೆನೆಜುವೆಲಾದ ಕರಾಕಸ್‌ನಲ್ಲಿ. ಎಣ್ಣೆ ದುಡ್ಡು ಹರಿಯುತ್ತಿದ್ದ ಊರು, ಅಮೆರಿಕದ ಕಕ್ಷಿದಾರರು ಆಗಲೇ ಅಲ್ಲಿದ್ದರು. ಮುಂದಿನ ಹತ್ತು ವರ್ಷದೊಳಗೆ ಲಂಡನ್, ಪ್ಯಾರಿಸ್, ಮನಿಲಾ. ಫರ್ಮ್ ಮೊದಲು ಹೋಗಿ ಕಕ್ಷಿದಾರರನ್ನು ಹುಡುಕಲಿಲ್ಲ. ಕಕ್ಷಿದಾರರ ಹಿಂದೆ ಹೋಯಿತು. ಮುಂಬೈಯಲ್ಲಿ, ಚೆನ್ನೈಯಲ್ಲಿ ಉಡುಪಿ ಹೋಟೆಲುಗಳು ಬೆಳೆದದ್ದೂ ಹೀಗೇ ತಾನೆ, ಊರು ಬಿಟ್ಟು ದುಡಿಯಲು ಬಂದ ಜನರ ಊಟದ ಹೊತ್ತು ನೋಡಿಕೊಂಡು.

ಈಗ ನಿಮ್ಮ ತಮ್ಮನ ಮಾತಿಗೆ ಬರೋಣ. ಬೇಕರ್ ಮಾಡಿದ ಇನ್ನೊಂದು ಕೆಲಸ ಆಗಿನ ಕಾಲಕ್ಕೆ ವಿಚಿತ್ರವಾಗಿತ್ತು. ಬೇರೆ ಅಮೆರಿಕನ್ ಫರ್ಮ್‌ಗಳು ವಿದೇಶದಲ್ಲಿ ಆಫೀಸು ತೆರೆದರೆ ನ್ಯೂಯಾರ್ಕಿನಿಂದ ತಮ್ಮವರನ್ನೇ ಕಳಿಸುತ್ತಿದ್ದವು. ಬೇಕರ್ ಆಯಾ ದೇಶದ ವಕೀಲರನ್ನೇ ಹಿಡಿದು, ಅವರನ್ನು ಬರೀ ಸಂಬಳಕ್ಕೆ ಇಟ್ಟುಕೊಳ್ಳದೆ ಪಾಲುದಾರರನ್ನಾಗಿ ಮಾಡಿದ. ಔದಾರ್ಯ ಒಂದೇ ಕಾರಣ ಅಲ್ಲ ಅನ್ನಿ. ಪ್ರತಿ ದೇಶದಲ್ಲೂ ಬಾರ್, ಅಂದರೆ ವಕೀಲರ ಮಂಡಳಿ ಇದೆ, ಸನ್ನದು, ಅಂದರೆ ವಕೀಲಿಯ ಪರವಾನಗಿ ಇದೆ, ಹೊರಗಿನವನು ಬಂದು ಇಲ್ಲಿನ ಕಾನೂನು ಹೇಳುವಂತಿಲ್ಲ ಅನ್ನುವ ನಿಯಮ ಇದೆ. ಎಷ್ಟೋ ದೇಶದಲ್ಲಿ ವಿದೇಶಿ ಹೆಸರನ್ನೇ ಬೋರ್ಡಿಗೆ ಹಾಕುವ ಹಾಗಿಲ್ಲ. ಬ್ರೆಜಿಲ್‌ನಲ್ಲಿ ಇವತ್ತಿಗೂ ಬೇಕರ್ ಮೆಕೆಂಜಿ ಜೊತೆ ಕೆಲಸ ಮಾಡುವ ಫರ್ಮಿನ ಹೆಸರು ಟ್ರೆಂಚ್ ರೊಸ್ಸಿ ವತನಬೆ. ಚೀನಾದಲ್ಲಿ 2015ರಲ್ಲಿ ಫೆನ್‌ಷುನ್ ಅನ್ನುವ ಅಲ್ಲಿನ ಫರ್ಮ್ ಜೊತೆ ಶಾಂಘೈನಲ್ಲಿ ಜಂಟಿ ವ್ಯವಸ್ಥೆ ಮಾಡಿಕೊಂಡರು. ಅಂದರೆ ಒಂದೇ ಮನೆ ಅನ್ನಿಸಿದರೂ ಪ್ರತಿ ಕೋಣೆಗೂ ಬೇರೆ ಹಕ್ಕುಪತ್ರ.

ಹಾಗಿದ್ದರೆ ಪೂರ್ತಿ ಮನೆಗೆ ಕಾಗದ ಯಾವುದು? 2004ರಲ್ಲಿ ಅವರು ಸ್ವಿಸ್ ಫೆರೈನ್ ಆದರು. ಫೆರೈನ್ ಅಂದರೆ ಸಂಘ, ಅಷ್ಟೇ. ಸ್ವಿಟ್ಜರ್ಲೆಂಡಿನ ಸಿವಿಲ್ ಕೋಡ್‌ನ 60ನೇ ಕಲಮಿನಿಂದ ಮುಂದೆ ಇರುವ ಏರ್ಪಾಡು. ನಿಮ್ಮೂರಿನ ಯುವಕ ಸಂಘವನ್ನು ಸೊಸೈಟಿ ಅಂತ ರಿಜಿಸ್ಟರ್ ಮಾಡಿಸಿದ ಹಾಗೇ ಇಟ್ಟುಕೊಳ್ಳಿ. ಫಿಫಾ, ಅದೇ ಫುಟ್‌ಬಾಲ್ ಫಿಫಾ, ಅದೂ ಇಂಥದ್ದೇ ಒಂದು ಸಂಘ. ಫೆರೈನ್‌ಗೆ ಹೆಸರು, ನಿಯಮಾವಳಿ, ಕಂಪ್ಯೂಟರ್ ವ್ಯವಸ್ಥೆ, ಒಂದು ಕಾರ್ಯಕಾರಿ ಸಮಿತಿ ಇರುತ್ತದೆ. ಆದರೆ ಕಕ್ಷಿದಾರರಿಗೆ ಸಲಹೆ ಕೊಡುವುದು, ಫೀಸು ತೆಗೆದುಕೊಳ್ಳುವುದು, ತಪ್ಪಾದರೆ ಕೋರ್ಟಿನಲ್ಲಿ ನಿಲ್ಲುವುದು ಆಯಾ ದೇಶದ ಸದಸ್ಯ ಫರ್ಮ್. ಒಂದು ದೇಶದ ಸಾಲ, ಒಂದು ದೇಶದ ನಷ್ಟ ಪರಿಹಾರದ ಕೇಸು ಇನ್ನೊಂದು ದೇಶದ ಪಾಲುದಾರನ ಮನೆಬಾಗಿಲಿಗೆ ಬರಬಾರದು ಅನ್ನುವುದು ಇದರ ಉದ್ದೇಶ. ದೊಡ್ಡ ಲಾ ಫರ್ಮ್‌ಗಳಲ್ಲಿ ಈ ದಾರಿ ಮೊದಲು ಹಿಡಿದವರು ಇವರು. ಆಮೇಲೆ ಡಿಎಲ್‌ಎ ಪೈಪರ್, ನಾರ್ಟನ್ ರೋಸ್ ಫುಲ್‌ಬ್ರೈಟ್, ಡೆಂಟನ್ಸ್ ಎಲ್ಲ ಅದೇ ದಾರಿಗೆ ಬಂದವು.

ಇದು ಫ್ರಾಂಚೈಸಿ ಆಯ್ತಲ್ಲ ಅಂತೀರಾ? ಫ್ರಾಂಚೈಸಿಯಲ್ಲಿ ಮೇಲೊಬ್ಬ ಮಾಲೀಕ ಇರುತ್ತಾನೆ, ಹೆಸರಿಗೆ ದುಡ್ಡು ಕಟ್ಟಿಸಿಕೊಳ್ಳುತ್ತಾನೆ. ಇಲ್ಲಿ ಮೇಲೆ ಯಾರೂ ಇಲ್ಲ. ಪಾಲುದಾರರೇ ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. 1999ರಲ್ಲಿ ಹಾಗೆ ಅಧ್ಯಕ್ಷರಾದವರು ಪ್ಯಾರಿಸ್ ಆಫೀಸಿನ ಕ್ರಿಸ್ಟೀನ್ ಲಗಾರ್ಡ್, ಅಲ್ಲಿ ಆ ಕುರ್ಚಿಗೆ ಬಂದ ಮೊದಲ ಹೆಂಗಸು. 1981ರಲ್ಲಿ ಜೂನಿಯರ್ ಆಗಿ ಸೇರಿದವರು. 2005ರಲ್ಲಿ ಫ್ರಾನ್ಸ್ ಸರ್ಕಾರದಲ್ಲಿ ಮಂತ್ರಿಯಾಗಿ ಹೋದರು, ಆಮೇಲೆ ಐಎಂಎಫ್, ಈಗ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್. ಅಮೆರಿಕದ ಫರ್ಮಿಗೆ ಫ್ರೆಂಚ್ ಹೆಣ್ಣುಮಗಳು ಅಧ್ಯಕ್ಷೆ ಆದದ್ದು, ಆ "ಊರಿನವರನ್ನೇ ಪಾಲುದಾರರನ್ನಾಗಿ ಮಾಡು" ಅನ್ನುವ ಹಳೇ ನಿರ್ಧಾರದಿಂದಲೇ ಅಂತ ನನ್ನ ಅಭಿಪ್ರಾಯ.

ದುಡ್ಡು ಹಾಕಿದವರು ಯಾರು ಅಂತ ಕೇಳಿದ್ದೀರಿ. ಯಾವ ಸೇಠ್‌ಜಿಯೂ ಅಲ್ಲ. ಕಂಪನಿ ಅಂತ ಬರೆದಿದ್ದೀರಿ, ಇದು ಷೇರು ಮಾರುವ ಕಂಪನಿಯೂ ಅಲ್ಲ. ವಕೀಲನ ಫೀಸನ್ನು ವಕೀಲನಲ್ಲದವನ ಜೊತೆ ಹಂಚಿಕೊಳ್ಳಬಾರದು ಅನ್ನುವ ನಿಯಮ ನಮ್ಮಲ್ಲಿದ್ದ ಹಾಗೇ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲೂ ಇದೆ. ಹೊರಗಿನ ಬಂಡವಾಳಕ್ಕೆ ಬಾಗಿಲು ಮುಚ್ಚಿದೆ. ಪಾಲುದಾರ ಆದವನು ತನ್ನ ಪಾಲಿನ ಬಂಡವಾಳ ತಾನೇ ಹಾಕಬೇಕು, ಎಷ್ಟೋ ಜನ ಬ್ಯಾಂಕ್ ಸಾಲ ಮಾಡಿ ಹಾಕುತ್ತಾರೆ. ಉಳಿದದ್ದು ದಿನದಿನದ ದುಡಿಮೆ. ಆ ದುಡಿಮೆ ಹೇಗಿರುತ್ತದೆ ಅಂದರೆ, ದಿನವನ್ನು ಆರಾರು ನಿಮಿಷದ ತುಂಡು ಮಾಡಿ ಬರೆದಿಡಬೇಕು. ಫೋನಿನಲ್ಲಿ ಹನ್ನೆರಡು ನಿಮಿಷ ಮಾತಾಡಿದರೆ 0.2 ಗಂಟೆ. ಯಾವ ಕಕ್ಷಿದಾರ, ಯಾವ ಕಡತ, ಏನು ಮಾಡಿದೆ ಅಂತ ಒಂದು ಸಾಲು. ಜೂನಿಯರ್ ಗಂಟೆಗೆ ಇಷ್ಟು ಅಂತ ಬಿಲ್ ಆಗುತ್ತದೆ, ಅವನಿಗೆ ಸಂಬಳ ಅದಕ್ಕಿಂತ ಬಹಳ ಕಡಿಮೆ, ನಡುವಿನ ವ್ಯತ್ಯಾಸದಲ್ಲಿ ಬಾಡಿಗೆ, ಖರ್ಚು, ಪಾಲುದಾರರ ಲಾಭ. ಜೂನಿಯರ್‌ಗಳು ಜಾಸ್ತಿ ಆದಷ್ಟೂ ಲಾಭ ಜಾಸ್ತಿ, ಕೆಲಸ ಇರುವವರೆಗೆ. ಒಳ್ಳೇ ಕಾಲೇಜಿನ ಹುಡುಗರನ್ನು ಹಿಡಿದು, ಕೆಲಸ ಕಲಿಸಿ, ಕೆಲವರನ್ನು ಮೇಲೆ ಹತ್ತಿಸಿ ಉಳಿದವರನ್ನು ಸಾಗಹಾಕುವ ಪದ್ಧತಿಯನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಪಾಲ್ ಕ್ರವಾತ್ ರೂಢಿಗೆ ತಂದ, ಜಗತ್ತಿನ ದೊಡ್ಡ ಫರ್ಮ್‌ಗಳೆಲ್ಲ ಹೆಚ್ಚುಕಡಿಮೆ ಅದನ್ನೇ ನಕಲು ಮಾಡಿವೆ.

ಪಾಲು ಹಂಚುವ ವಿಷಯದಲ್ಲಿ ಬೇಕರ್ ಫರ್ಮ್ ಬಹಳ ಕಾಲ ಬೇರೆಯೇ ಲೆಕ್ಕ ಇಟ್ಟಿತ್ತು. ಅದಕ್ಕೆ "ಫಾರ್ಮುಲಾ" ಅಂತಲೇ ಹೆಸರು. ನೀನು ಮಾಡಿದ ಕೆಲಸ ಎಷ್ಟು, ನೀನು ತಂದ ಕೆಲಸ ಎಷ್ಟು, ನಿನ್ನ ಆಫೀಸಿನ ಖರ್ಚು ಎಷ್ಟು. ಲಂಡನ್ನಿನ ಹಳೇ ಫರ್ಮ್‌ಗಳಲ್ಲಿ ಆಗ ಅವಿಭಕ್ತ ಕುಟುಂಬದ ಲೆಕ್ಕ: ವಯಸ್ಸಿಗೆ, ಸರ್ವಿಸಿಗೆ ತಕ್ಕ ಪಾಲು, ಯಾರು ಎಷ್ಟು ದುಡಿದರು ಅಂತ ಕೇಳುವುದಿಲ್ಲ. ಫಾರ್ಮುಲಾದಿಂದ ಹೊಸ ಊರಿನಲ್ಲಿ ಆಫೀಸು ತೆರೆಯುವವನಿಗೆ ಹುರುಪು ಬರುತ್ತಿತ್ತು, ನಷ್ಟವಾದರೆ ಅವನದೇ. ಆದರೆ ನನ್ನ ಕಕ್ಷಿದಾರನನ್ನು ನಿನ್ನ ಆಫೀಸಿಗೆ ಯಾಕೆ ಕಳಿಸಲಿ ಅನ್ನುವ ಬುದ್ಧಿಯೂ ಅದರಿಂದಲೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಬೇರೆ ವಕೀಲರು ಇವರನ್ನು ಹ್ಯಾಂಬರ್ಗರ್ ಅಂಗಡಿಗೆ ಹೋಲಿಸಿ ಗೇಲಿ ಮಾಡುತ್ತಿದ್ದುದೂ ಉಂಟು. ನಿಮ್ಮ ತಮ್ಮನ ಫ್ರಾಂಚೈಸಿ ಮಾತು ಹೊಸದೇನಲ್ಲ, ನೋಡಿ.

ಹರಡಿಕೊಂಡ ಸಂಸ್ಥೆಯಲ್ಲಿ ಇನ್ನೊಂದು ರೋಗ ಇದೆ, ಯಾರು ಯಾರನ್ನು ಹದ್ದುಬಸ್ತಿನಲ್ಲಿ ಇಡಬೇಕು ಅನ್ನುವುದು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಜ್ಯೂರಿ, ಬೇಕರ್ ಫರ್ಮಿನ ಕ್ಯಾಲಿಫೋರ್ನಿಯಾ ಆಫೀಸಿನ ಒಬ್ಬ ಪಾಲುದಾರ ಸೆಕ್ರೆಟರಿಗೆ ಕೊಟ್ಟ ಲೈಂಗಿಕ ಕಿರುಕುಳದ ಕೇಸಿನಲ್ಲಿ ಫರ್ಮಿಗೇ ಸುಮಾರು 69 ಲಕ್ಷ ಡಾಲರ್ ದಂಡ ಹಾಕಿತು. ನ್ಯಾಯಾಧೀಶರು ಅದನ್ನು 35 ಲಕ್ಷಕ್ಕೆ ಇಳಿಸಿದರು. ದೊಡ್ಡ ಫರ್ಮ್‌ಗಳು ಇಂಥ ದೂರುಗಳನ್ನು ಗಂಭೀರವಾಗಿ ತೆಗೆದುಕೊಳ್ಳಲು ಕಲಿತದ್ದು ಇಂಥ ಪೆಟ್ಟು ತಿಂದ ಮೇಲೆಯೇ. ಹೆಣ್ಣುಮಗಳ ತಂದೆ ನೀವು, ಇದನ್ನು ಮುಚ್ಚಿಡುವುದು ಸರಿಯಲ್ಲ ಅಂತ ಹೇಳಿದೆ.

ಇಂಡಿಯಾದಲ್ಲಿ ಆಫೀಸು ಇಲ್ಲ ಅನ್ನುವುದು ನಿಜ. ಅದು ಅವರ ತಪ್ಪಲ್ಲ, ನಮ್ಮ ಬಾಗಿಲು. 1961ರ ಅಡ್ವೊಕೇಟ್ಸ್ ಆಕ್ಟಿನ 29ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ, ಇಲ್ಲಿ ವಕೀಲಿ ಮಾಡಲು ಇಲ್ಲಿನ ಸನ್ನದು ಬೇಕು. ತೊಂಬತ್ತರ ದಶಕದಲ್ಲಿ ಆಶರ್ಸ್ಟ್, ವೈಟ್ ಅಂಡ್ ಕೇಸ್, ಚಾಡ್‌ಬೋರ್ನ್ ಅಂಡ್ ಪಾರ್ಕ್ ಈ ಮೂರು ಫರ್ಮ್‌ಗಳು ರಿಸರ್ವ್ ಬ್ಯಾಂಕಿನ ಅನುಮತಿ ತೆಗೆದುಕೊಂಡು ಸಂಪರ್ಕ ಕಚೇರಿ ಅಂತ ತೆರೆದವು. ಅದರ ವಿರುದ್ಧ ಲಾಯರ್ಸ್ ಕಲೆಕ್ಟಿವ್ ಅನ್ನುವ ವಕೀಲರ ಸಂಸ್ಥೆ ಕೋರ್ಟಿಗೆ ಹೋಯಿತು. 2009ರಲ್ಲಿ ಬಾಂಬೆ ಹೈಕೋರ್ಟ್, ಕೋರ್ಟಿಗೆ ಹೋಗದೆ ಬರೀ ಸಲಹೆ ಕೊಟ್ಟರೂ ಅದು ವಕೀಲಿಯೇ ಅಂದಿತು. 2018ರ ಮಾರ್ಚ್ 13ರಂದು ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು, ಯಾವಾಗಲೋ ಒಮ್ಮೆ ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು, ಅಷ್ಟೇ. 2023ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನೋಂದಣಿಯ ನಿಯಮ ತಂದಿತು, 2025ರಲ್ಲಿ ತಿದ್ದಿತು. ಅದರ ಪ್ರಕಾರವೂ ಅವರು ಕೋರ್ಟಿಗೆ ಬರುವಂತಿಲ್ಲ, ಭಾರತದ ಕಾನೂನಿನ ಬಗ್ಗೆ ಹೇಳುವಂತಿಲ್ಲ, ಆಸ್ತಿ ಪತ್ರ, ಟೈಟಲ್ ಪರಿಶೀಲನೆ ಮುಟ್ಟುವಂತಿಲ್ಲ. ನಿಮ್ಮ ಕ್ರಯಪತ್ರದ ಕೆಲಸಕ್ಕೆ ಅವರಿಂದ ಏನೂ ಭಯವಿಲ್ಲ ಬಿಡಿ.

ನಮ್ಮಲ್ಲೇ ಅಂಥ ಫರ್ಮ್ ಯಾಕೆ ಬೆಳೆಯಲಿಲ್ಲ ಅಂತಲೂ ಕೇಳಬಹುದಿತ್ತು. 1956ರ ಕಂಪನಿ ಕಾಯ್ದೆ ಪ್ರಕಾರ ಪಾಲುದಾರಿಕೆಯಲ್ಲಿ 20 ಜನಕ್ಕಿಂತ ಜಾಸ್ತಿ ಇರುವಂತಿರಲಿಲ್ಲ. ಇಂಗ್ಲೆಂಡಿನಲ್ಲೂ ಅದೇ ಮಿತಿ ಇತ್ತು, ಅವರು 1967ರಲ್ಲೇ ಸಾಲಿಸಿಟರ್‌ಗಳಿಗೆ, ಅಂದರೆ ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದ ಪತ್ರ ನೋಡುವ ಅಲ್ಲಿನ ವಕೀಲರಿಗೆ, ಅದನ್ನು ತೆಗೆದುಹಾಕಿದರು. ಇಪ್ಪತ್ತು ವರ್ಷದಲ್ಲಿ, 1987ರಲ್ಲಿ, ಎರಡು ಫರ್ಮ್ ಕೂಡಿ ಕ್ಲಿಫರ್ಡ್ ಚಾನ್ಸ್ ಅನ್ನುವ ದೊಡ್ಡ ಫರ್ಮ್ ಆಯಿತು. ನಮಗೆ 2008ರ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಕಾಯ್ದೆ ಬರುವ ತನಕ ಸರಿಯಾದ ದಾರಿ ಸಿಗಲಿಲ್ಲ. ಜಾಹೀರಾತು ಕೂಡದು ಅನ್ನುವ ನಿಯಮ ಬೇರೆ, ಫರ್ಮಿಗೆ ಒಂದು ವೆಬ್‌ಸೈಟ್ ಇಟ್ಟುಕೊಳ್ಳಲು ಅನುಮತಿ ಸಿಕ್ಕಿದ್ದೇ 2008ರಲ್ಲಿ. 20 ಜನರ ಮಿತಿಯಲ್ಲಿ ಅಪ್ಪ, ಮಗ, ಅಳಿಯ ಕೂತ ಮೇಲೆ ಹೊರಗಿನವರಿಗೆ ಜಾಗ ಎಲ್ಲಿ?

ಮುಳುಗಿದ ಫರ್ಮ್ ಬಗ್ಗೆ ನಿಮಗೆ ಹೇಳಿದವರು ಡ್ಯೂಯಿ ಅಂಡ್ ಲೆಬೂಫ್ ಮನಸ್ಸಲ್ಲಿಟ್ಟುಕೊಂಡು ಹೇಳಿರಬೇಕು. ನ್ಯೂಯಾರ್ಕಿನದು. 2007ರಲ್ಲಿ ಎರಡು ಫರ್ಮ್ ಕೂಡಿ ಆದದ್ದು, ಸಾವಿರಕ್ಕೂ ಹೆಚ್ಚು ವಕೀಲರು, 2012ರ ಮೇ ತಿಂಗಳಲ್ಲಿ ದಿವಾಳಿ. ರಾತ್ರೋರಾತ್ರಿ ಅಲ್ಲ. ಹೆಸರಾಂತ ಪಾಲುದಾರರನ್ನು ಎಳೆದುಕೊಂಡು ಬರಲು ವರ್ಷಕ್ಕೆ ಇಷ್ಟು ಖಂಡಿತ ಕೊಡ್ತೀವಿ ಅಂತ ಹಲವರಿಗೆ ಬರೆದುಕೊಟ್ಟಿದ್ದರು. 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಕಡಿಮೆಯಾಯಿತು, ಮಾತು ಕೊಟ್ಟ ಹಣ ಕಡಿಮೆಯಾಗಲಿಲ್ಲ. ಸಾಲ ತಂದರು, ಬಾಂಡ್ ಮಾರಿದರು. ಪಾಲುದಾರರು ತಮ್ಮ ಕಕ್ಷಿದಾರರನ್ನು ಜೊತೆಗೆ ಕರೆದುಕೊಂಡು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಲಾ ಫರ್ಮಿಗೆ ಮಿಷಿನ್ನೂ ಇಲ್ಲ, ಜಮೀನೂ ಇಲ್ಲ. ಸಂಜೆ ಲಿಫ್ಟಿನಲ್ಲಿ ಇಳಿದು ಹೋಗುವ ಜನರೇ ಅದರ ಆಸ್ತಿ. ಬೆಳಿಗ್ಗೆ ಅವರು ಮೇಲೆ ಬರದಿದ್ದರೆ ಉಳಿಯುವುದು ಬಾಡಿಗೆ ಕರಾರು ಮಾತ್ರ. ಮಾಜಿ ಪಾಲುದಾರರು ಕೊನೆಗೆ 7 ಕೋಟಿ ಡಾಲರ್‌ಗೂ ಹೆಚ್ಚು ವಾಪಸ್ ಕೊಟ್ಟು ಕೈ ತೊಳೆದುಕೊಂಡರು. ಜೂನಿಯರ್‌ಗಳು ಯಾರಿಗೂ ದುಡ್ಡು ಕೊಡಬೇಕಾಗಿ ಬರಲಿಲ್ಲ, ಕೆಲಸ ಮಾತ್ರ ಹೋಯಿತು.

ಬೇಕರ್ ಮೆಕೆಂಜಿಗೆ ಹಾಗಾಗುತ್ತದಾ? ಎರಡಕ್ಕೂ ಹೋಲಿಕೆ ಕಡಿಮೆ. 40ಕ್ಕೂ ಹೆಚ್ಚು ದೇಶದಲ್ಲಿ 70ಕ್ಕೂ ಹೆಚ್ಚು ಆಫೀಸು, ವರ್ಷದ ಆದಾಯ 300 ಕೋಟಿ ಡಾಲರಿಗಿಂತ ಮೇಲೆ. ಹರಡಿಕೊಂಡಿರುವುದರಿಂದ ಒಂದು ಊರು ಬಿದ್ದರೆ ಇನ್ನೊಂದು ನಿಲ್ಲುತ್ತದೆ. ಆದರೆ ಹರಡಿಕೊಂಡಿದೆ ಅಂದ ಮಾತ್ರಕ್ಕೆ ಎಲ್ಲರಿಗಿಂತ ಶ್ರೀಮಂತ ಅಲ್ಲ. ಅದೇ ಷಿಕಾಗೋದಲ್ಲಿ 1909ರಲ್ಲಿ ಶುರುವಾದ ಕರ್ಕ್‌ಲೆಂಡ್ ಅಂಡ್ ಎಲ್ಲಿಸ್ ಅದಕ್ಕಿಂತ ಬಹಳ ಕಡಿಮೆ ಆಫೀಸು ಇಟ್ಟುಕೊಂಡು 2023ರಲ್ಲೇ 700 ಕೋಟಿ ಡಾಲರ್ ದಾಟಿತು. ಜಗತ್ತಿನ ರಾಜಕೀಯದ ಹೊಡೆತವೂ ಇಂಥ ಫರ್ಮ್‌ಗೇ ಮೊದಲು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಬೇಕರ್ ಮೆಕೆಂಜಿ ರಷ್ಯಾ ಬಿಟ್ಟಿತು. ಮಾಸ್ಕೊ, ಸೇಂಟ್ ಪೀಟರ್ಸ್‌ಬರ್ಗ್ ಆಫೀಸಿನ ವಕೀಲರು ಬೇರೆ ಹೆಸರಿನ ಸ್ವತಂತ್ರ ಫರ್ಮ್ ಆಗಿ ಅಲ್ಲೇ ಉಳಿದರು. ಬೋರ್ಡು ಇಳಿಯಿತು, ಗಲ್ಲಾ ಅಲ್ಲೇ ಇತ್ತು.

ಈಗ ಮಗಳ ವಿಷಯ. ಲಂಡನ್ ಅಂದರೆ ಮೊದಲು ಎರಡು ವರ್ಷದ ಟ್ರೈನಿಂಗ್ ಕಾಂಟ್ರಾಕ್ಟ್, ಸಾಮಾನ್ಯವಾಗಿ ಆರಾರು ತಿಂಗಳಿಗೆ ಒಂದು ವಿಭಾಗ. ಜೊತೆಗೆ ಅಲ್ಲಿ ಸಾಲಿಸಿಟರ್ ಆಗಲು ಬರೆಯುವ ಎಸ್‌ಕ್ಯುಇ ಪರೀಕ್ಷೆ, 2021ರಿಂದ ಅದೇ ದಾರಿ. ಅಲ್ಲಿನ ಫರ್ಮ್‌ಗಳು ನಮ್ಮ ನಾಗರಬಾವಿಯ ಲಾ ಸ್ಕೂಲಿನಂಥ ಕಾಲೇಜುಗಳಿಂದ ಬಹಳ ವರ್ಷದಿಂದ ಹುಡುಗರನ್ನು ಕರೆದುಕೊಂಡು ಹೋಗುತ್ತಿವೆ, ಆದರೆ ಸೀಟು ಬೆರಳೆಣಿಕೆ. ವೀಸಾ ಕೆಲಸಕ್ಕೆ ಕಟ್ಟಿ ಹಾಕಿರುತ್ತದೆ, ಕೆಲಸ ಹೋದರೆ ಅದೂ ಹೋಗುತ್ತದೆ. ಎರಡು ವರ್ಷ ಆದ ಮೇಲೆ ಉಳಿಸಿಕೊಳ್ಳುತ್ತಾರೆ ಅನ್ನುವ ಗ್ಯಾರಂಟಿ ಯಾರೂ ಕೊಡುವುದಿಲ್ಲ.

ಒಂದು ಎಚ್ಚರ. ಇಂಥ ಫರ್ಮ್‌ಗಳಿಗೆ ಸೇವಾ ಕೇಂದ್ರಗಳೂ ಇರುತ್ತವೆ, ಬೇಕರ್ ಮೆಕೆಂಜಿಯದು ಮನಿಲಾದಲ್ಲಿ 2000ದಿಂದ, ಬೆಲ್‌ಫಾಸ್ಟ್‌ನಲ್ಲಿ 2014ರಿಂದ ಇದೆ. ಕಾಗದ ಪರಿಶೀಲನೆ, ಬಿಲ್ಲಿಂಗ್, ಮಾಹಿತಿ ಹುಡುಕುವುದು, ಹೀಗೆ ಹಿಂದಿನ ಸಾಲಿನ ಕೆಲಸ. ಒಳ್ಳೇ ಕೆಲಸವೇ, ಸಂಬಳವೂ ಪರವಾಗಿಲ್ಲ, ಆದರೆ ಅಲ್ಲಿಂದ ಪಾಲುದಾರರ ಸಾಲಿಗೆ ದಾಟುವುದು ಬಹಳ ಕಷ್ಟ. ಬೋರ್ಡು ಒಂದೇ ಇರುವುದರಿಂದ ಮನೆಯವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಯಾವ ಹುದ್ದೆ, ಯಾವ ದೇಶದ ಯಾವ ಸಂಸ್ಥೆ ಕರೆಯುತ್ತಿದೆ ಅಂತ ಕೇಳಿ.

ಮುಂಬೈ, ದೆಹಲಿ, ಬೆಂಗಳೂರಿನ ದೊಡ್ಡ ಇಂಡಿಯನ್ ಫರ್ಮಿನಲ್ಲಿ ಮೂರು ನಾಲ್ಕು ವರ್ಷ ದುಡಿದು ಆಮೇಲೆ ಹೋಗುವವರೂ ಬಹಳ. ನಾನು ಇದನ್ನೇ ಜಾಸ್ತಿ ಇಷ್ಟಪಡುತ್ತೇನೆ, ಕೈಯಲ್ಲಿ ಒಂದು ದೇಶದ ಕಾನೂನು ಗಟ್ಟಿಯಾಗಿ ಇರುತ್ತದೆ. ಆದರೆ ಮಗಳು ಈಗಲೇ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ, ಕೊನೇ ವರ್ಷದ ಅರ್ಜಿಗೆ ಇರುವ ಬೆಲೆ ಆಮೇಲೆ ಇರುವುದಿಲ್ಲ. ಹೋಗುವುದಾದರೂ ಇಲ್ಲಿ ಸನ್ನದು ಮಾಡಿಸಿ ಬಾರ್ ಪರೀಕ್ಷೆ ಮುಗಿಸುವುದು ಒಳ್ಳೇದು. ಪೂರ್ತಿ ಸಂಬಳದ ಕೆಲಸಕ್ಕೆ ಸೇರಿದರೆ ಬಾರ್ ಕೌನ್ಸಿಲಿನ 49ನೇ ನಿಯಮದ ಪ್ರಕಾರ ಅವರಿಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು, ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ವಾಪಸ್ ಬಂದಾಗ ಮತ್ತೆ ಶುರು ಮಾಡಬಹುದು.

ಆಫರ್ ಲೆಟರ್ ಬಂದ ದಿನ ಅದನ್ನು ಮಗಳೊಬ್ಬಳೇ ಓದದಿರಲಿ. ಮೊದಲ ಪುಟದ ಲೋಗೋ ಬಿಟ್ಟು ನೇರ ಕೊನೇ ಪುಟಕ್ಕೆ ಹೋಗಿ. ಯಾವ ಸಂಸ್ಥೆ ಸಹಿ ಹಾಕುತ್ತಿದೆ, ಅದರ ನೋಂದಣಿ ಎಲ್ಲಿ, ವ್ಯಾಜ್ಯ ಬಂದರೆ ಯಾವ ಕೋರ್ಟು, ತರಬೇತಿಯ ಖರ್ಚು ವಾಪಸ್ ಕೇಳುವ ಷರತ್ತು ಇದೆಯಾ, ನೋಟಿಸ್ ಎಷ್ಟು ತಿಂಗಳು. ಮೂವತ್ತು ವರ್ಷ ಚೆಕ್ಕುಬಂದಿ ನೋಡಿದ ಕಣ್ಣು ನಿಮ್ಮದು, ನನಗಿಂತ ಚೆನ್ನಾಗಿ ಕಾಣುತ್ತದೆ.